ಗುಡಿಗಾರರ ಗಂಧದ ಪೆಟ್ಟಿಗೆಯೂ ಜಪಾನಿನ ಸೂಜಿಪೆಟ್ಟಿಗೆಯೂ

ಸೂಜಿ, ದಾರ, ಕತ್ತರಿ ಮೊದಲಾದ ಅಲ್ಪವಸ್ತುಗಳನ್ನಿಡತಕ್ಕ ಮರದ ಪೆಟ್ಟಿಗೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ ಗಣನೆಗೆ ತರುವುದಿಲ್ಲ. ಆದರೆ ಪೆಟ್ಟಿಗೆಯೊಂದು ಯಾರಿಗಾಗಿ ಹುಟ್ಟಿತೆಂಬುದನ್ನು ಅದರ ರಚನೆಯೇ ಹೇಳುತ್ತದೆ. ಜಪಾನಿನ ‘ಹರಿಬಾಕೊ’ವನ್ನೂ ನಮ್ಮ ಮಲೆನಾಡಿನ ಗಂಧದ ಪೆಟ್ಟಿಗೆಯನ್ನೂ ಹೋಲಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುವುದು.

‘ಹರಿ’ ಎಂದರೆ ಸೂಜಿ. ‘ಹಾಕೊ’ ಎಂದರೆ ಪೆಟ್ಟಿಗೆ. ಸಣ್ಣ ಸೆಳೆಖಾನೆಗಳು, ಮೇಲೆ ಸೂಜಿ ಚುಚ್ಚುವ ಮೆತ್ತೆ, ಕೆಲವದರಲ್ಲಿ ಬಟ್ಟೆಯನ್ನು ಬಿಗಿಹಿಡಿಯಲು ನಿಲ್ಲಿಸುವ ಕಂಬ, ಇವು ಅದರ ಅಂಗಗಳು. ಹಲಗೆಗಳನ್ನು ಒಂದರೊಳಗೊಂದು ಕಚ್ಚಿಸಿ ಕೂಡಿಸುವುದೇ ಅಲ್ಲಿಯ ಬಡಗಿಯ ಜಾಣ್ಮೆ. ಮದುವಣಗಿತ್ತಿಯು ಗಂಡನ ಮನೆಗೆ ಒಯ್ಯುವ ಸಾಮಾನುಗಳಲ್ಲಿ ಅದೂ ಸೇರಿತ್ತು. ಮನೆಯ ಕೆಲಸವೇ ಅದರ ಆಕಾರವನ್ನು ನಿರ್ಣಯಿಸಿತು.

ಸೊರಬ, ಸಾಗರಗಳಲ್ಲಿಯೂ ಉತ್ತರ ಕನ್ನಡದಲ್ಲಿಯೂ ನೆಲೆಸಿದ ಗುಡಿಗಾರರ ಪೆಟ್ಟಿಗೆಯ ಕಥೆ ಬೇರೆ. ಲೂಯಿ ರೈಸರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಇದನ್ನು ವರ್ಣಿಸಿದ್ದಾರೆ. ಹೆಣೆದುಕೊಂಡ ಬಳ್ಳಿ ಎಲೆಗಳು ಮೈಯನ್ನೆಲ್ಲ ಆವರಿಸಿ, ನಡುವೆ ದೇವತಾಮೂರ್ತಿಗಳೂ ಅಲ್ಲಲ್ಲಿ ಪ್ರಾಣಿಗಳೂ ತೋರುವುವು. ಗಂಧದ ಚೇಗು ಗಟ್ಟಿಯೂ ನುಣುಪೂ ಆಗಿರುವುದರಿಂದ ಅತಿ ಸೂಕ್ಷ್ಮವಾದ ಕೊರೆತವನ್ನು ತಾಳುತ್ತದೆ. ಆದರೆ ಉಳಿ ಒಮ್ಮೆ ಜಾರಿದರೆ ಆ ತಪ್ಪನ್ನು ಮುಚ್ಚಲಾಗದು. ಸಾಮಾನ್ಯ ಗರಗಸ, ಉಳಿಗಳ ಜೊತೆಗೆ ಕಿರಿದಾದ ಕೊರೆಯುವ ಮೊನೆಗಳನ್ನೂ ಇವರು ಬಳಸುತ್ತಿದ್ದರು. ಇಂತಹ ಪೆಟ್ಟಿಗೆಗಳಲ್ಲಿ ಹೊಲಿಗೆಯ ಸಾಧನಗಳಿಗಾಗಿ ಮಾಡಿದವೂ ಉಂಟು. ಆದರೆ ಅವು ಹೆಚ್ಚಾಗಿ ಯುರೋಪಿಯನ್ನರ ಮನೆಗಳನ್ನೇ ಸೇರಿದವು. ಹೀಗೆ ದೇವಾಲಯದ ಶಿಲ್ಪಸಂಪ್ರದಾಯವು ಪರದೇಶದ ಮೇಜಿನ ಮೇಲಣ ಅಲಂಕಾರವಾಯಿತು.

ಕುಶಲತೆ ಇವರ ಕೈಯಲ್ಲಿದ್ದರೂ ಮರವು ಇವರ ಕೈಯಲ್ಲಿರಲಿಲ್ಲ. 1792ರಲ್ಲಿ ಟೀಪೂ ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆಯೂ ಅದು ಸರಕಾರದ ಏಕಸ್ವಾಮ್ಯದಲ್ಲಿಯೇ ನಿಂತಿತು. 1916ರಲ್ಲಿ ಮೈಸೂರು ಸಂಸ್ಥಾನವು ಗಂಧದೆಣ್ಣೆಯ ಉದ್ಯಮವನ್ನಾರಂಭಿಸಿತು. ಎಣ್ಣೆಗೆ ಬೇಕಾದ ಚೇಗೇ ಕೆತ್ತನೆಗೂ ಬೇಕು. ಬೆಳೆದವನಿಗೇ ಮರದ ಒಡೆತನವನ್ನು ಕೊಟ್ಟುದು 2001ರ ಕರ್ನಾಟಕ ಅರಣ್ಯ ಕಾಯಿದೆಯ ತಿದ್ದುಪಡಿ.

ಹರಿಬಾಕೊವಿಗೆ ಆಧಾರವಾಗಿದ್ದುದು ಮನೆಯ ಬಳಕೆ. ಗಂಧದ ಪೆಟ್ಟಿಗೆಗೆ ಆಧಾರವಾಗಿದ್ದುವು ದೂರದ ಗಿರಾಕಿಯ ಅಭಿರುಚಿ ಮತ್ತು ಸರಕಾರದ ಮರ. ಆದುದರಿಂದ ಗುಡಿಗಾರರ ಕಲೆಯ ಏಳುಬೀಳುಗಳನ್ನು ವಿಮರ್ಶಿಸುವವರು ಅವರ ಉಳಿಯೊಂದನ್ನೇ ನೋಡಿದರೆ ಸಾಲದು. ಮರವು ಯಾರದು, ಪೆಟ್ಟಿಗೆ ಯಾರ ಮನೆಗೆ ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ.