ಗೋಧಿಯ ಹಂಗು ಮತ್ತು ವಿದೇಶಾಂಗ ನೀತಿ

ರಾಷ್ಟ್ರವೊಂದರ ವಿದೇಶಾಂಗ ನೀತಿಯು ರಾಜಧಾನಿಯ ಕಚೇರಿಗಳಲ್ಲಿ ರೂಪುಗೊಳ್ಳುವುದೆಂಬುದು ಸಾಮಾನ್ಯ ತಿಳಿವಳಿಕೆ. ಅದರ ಬೇರು ದೇಶದ ಉತ್ಪಾದನೆಯಲ್ಲಿ ಎಷ್ಟು ಆಳಕ್ಕೆ ಇಳಿದಿರುತ್ತದೆಂಬುದನ್ನು ತಿಳಿಯಲು ಭಾರತದ 1965ರಿಂದ 1971ರ ವರೆಗಿನ ಇತಿಹಾಸವನ್ನು ನೋಡಬೇಕು.

ಅಮೆರಿಕದ ‘ಪಿ.ಎಲ್. 480’ ಎಂಬ ಶಾಸನದ ಮೇರೆಗೆ 1956ರಲ್ಲಿ ಆದ ಒಪ್ಪಂದದಿಂದ ಅಲ್ಲಿಯ ಗೋಧಿ ನಮಗೆ ರೂಪಾಯಿಯ ಲೆಕ್ಕದಲ್ಲಿಯೇ ದೊರೆಯತೊಡಗಿತು. ಡಾಲರು ತೆರಬೇಕಾಗಿರಲಿಲ್ಲವಾದ್ದರಿಂದ ಇದು ಅನುಕೂಲವೆಂದೇ ತೋರಿತು. (ಶಾಲೆಯಲ್ಲಿ ಅಮೆರಿಕದ ಗೋಧಿ ನುಚ್ಚಿನ ಉಪ್ಪಿಟ್ಟನ್ನು ಉಂಡವರಲ್ಲಿ ಈ ಲೇಖಕನೂ ಒಬ್ಬ, ಅದರ ಹಿಂದಣ ರಾಜಕಾರಣ ಆಗ ಯಾರಿಗೆ ತಿಳಿದಿತ್ತು!) 1965 ಮತ್ತು 1966ರಲ್ಲಿ ಮಳೆ ಸಾಲುಸಾಲಾಗಿ ಕೈಕೊಟ್ಟಾಗ ನಿಜಸ್ಥಿತಿ ಬಯಲಾಯಿತು. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ಬರಬೇಕಾಯಿತು. ಹಡಗು ಬಂದರೆ ಊಟ ಎಂಬಂತಾಯಿತು. ಅಧ್ಯಕ್ಷ ಜಾನ್ಸನ್ನರು ಧಾನ್ಯವನ್ನು ಒಮ್ಮೆಗೇ ಬಿಡದೆ ಸ್ವಲ್ಪಸ್ವಲ್ಪವಾಗಿಯೇ ಬಿಡುತ್ತಿದ್ದರು. ನಮ್ಮ ಕೃಷಿನೀತಿ ಬದಲಾಗಬೇಕೆಂಬುದು ಅದರ ಒಂದು ಉದ್ದೇಶ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸುತ್ತಿದ್ದುದರ ಬಗೆಗಿನ ಅಸಮಾಧಾನವೂ ಅದರಲ್ಲಿ ಸೇರಿತ್ತು. ನೆರವು ನೀಡುವವರ ಒತ್ತಡದಲ್ಲಿಯೇ ಅದೇ ವರ್ಷದ ಜೂನ್ 6ರಂದು ರೂಪಾಯಿಯ ಬೆಲೆಯನ್ನು ಇಳಿಸಲಾಯಿತು, ಡಾಲರಿಗೆ 4.76 ಇದ್ದುದು 7.50 ಆಯಿತು.

ಆಗ ಕೃಷಿಮಂತ್ರಿಯಾಗಿದ್ದ ಸಿ. ಸುಬ್ರಮಣಿಯಂ ಅವರು ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿಯನ್ನು ತರಿಸಿದರು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿಯ ಬೆಳೆ 1970-71ರ ಹೊತ್ತಿಗೆ 2.38 ಕೋಟಿ ಟನ್ನಿಗೆ ಏರಿತು. 1971ರಲ್ಲಿ ಬಾಂಗ್ಲಾ ವಿಮೋಚನೆಯ ಸಂದರ್ಭದಲ್ಲಿ ಅಮೆರಿಕ ನೆರವನ್ನು ತಡೆಹಿಡಿಯಿತು, ಬಂಗಾಳ ಕೊಲ್ಲಿಗೆ ನೌಕಾಪಡೆಯನ್ನೂ ಕಳುಹಿಸಿತು, ಭಾರತ ಕದಲಲಿಲ್ಲ. ಆ ಧೈರ್ಯದ ಶ್ರೇಯಸ್ಸೆಲ್ಲವೂ ಆಗಸ್ಟ್ 9ರ ಸೋವಿಯತ್ ಒಪ್ಪಂದಕ್ಕೆ ಸಲ್ಲುವುದೆಂದು ಬರೆಯುವವರುಂಟು. ಪಂಜಾಬಿನ ಕಣಜಗಳಿಗೂ ಅದರಲ್ಲಿ ಪಾಲು ಸಲ್ಲಬೇಕೆಂದು ನನ್ನ ಅಭಿಪ್ರಾಯ. ಐದು ವರ್ಷ ಮೊದಲೇ ಆ ಪ್ರಸಂಗ ಬಂದಿದ್ದರೆ ದೆಹಲಿ ಅಷ್ಟು ದೃಢವಾಗಿ ನಿಲ್ಲುವುದು ಕಷ್ಟವಾಗುತ್ತಿತ್ತು.

ಹಾಗೆಂದು ಹಂಗು ಪೂರ್ಣವಾಗಿ ಹರಿಯಿತೆನ್ನಲಾಗದು. ಮತ್ತೆ ಬರ ಬಂದು, 1973ರಲ್ಲಿ ಸೋವಿಯತ್ ದೇಶದಿಂದಲೇ 20 ಲಕ್ಷ ಟನ್ ಗೋಧಿಯನ್ನು ಸಾಲ ತರಬೇಕಾಯಿತು.

ದಿಕ್ಕು ತಿರುಗಿದ್ದು ಬಹಳ ತಡವಾಗಿ. 2022ರ ಫೆಬ್ರವರಿಯಲ್ಲಿ ಭಾರತದ ಗೋಧಿ ಹೊತ್ತ ಲಾರಿಗಳು ಅಟ್ಟಾರಿ ಗಡಿಯಿಂದ ಪಾಕಿಸ್ತಾನದ ಮಾರ್ಗವಾಗಿ ಅಫ್ಘಾನಿಸ್ತಾನಕ್ಕೆ ಹೊರಟವು. ವಾಗ್ದಾನ 50,000 ಟನ್ನಿನದು. ಅಲ್ಲಿಯ ತಾಲಿಬಾನ್ ಆಡಳಿತಕ್ಕೆ ಭಾರತ ಆಗ ಮಾನ್ಯತೆ ನೀಡಿರಲಿಲ್ಲ. ಆದರೂ ಅದೇ ಜೂನ್ ತಿಂಗಳಲ್ಲಿ, ಹತ್ತು ತಿಂಗಳಿಂದ ಬರಿದಾಗಿದ್ದ ಕಾಬೂಲಿನ ನಮ್ಮ ರಾಯಭಾರ ಕಚೇರಿಗೆ ಭಾರತದ ತಾಂತ್ರಿಕ ತಂಡವೊಂದು ಹೋಗಿ ನೆಲಸಿತು.