ನವಿಲುಕೋಸಿನಲ್ಲಿ ನವಿಲೆಲ್ಲಿ?

ಹಿತ್ತಲಲ್ಲಿ ನಾಲ್ಕಡಿ ಅಗಲ ಎಂಟಡಿ ಉದ್ದದ ಒಂದು ಪಾತಿ ಇದೆ. ದಸರಾ ಕಳೆದು ಮಳೆ ತಗ್ಗಿದ ಮೇಲೆ ಅರ್ಧಕ್ಕೆ ನವಿಲುಕೋಸು, ಇನ್ನರ್ಧಕ್ಕೆ ಟರ್ನಿಪ್ ಹಾಕಿದೆ. ನವಿಲುಕೋಸಿನ ಬೀಜವನ್ನು ಟ್ರೇಯಲ್ಲಿ ಮೊಳೆಸಿ, ನಾಲ್ಕು ವಾರದ ಸಸಿಯಾದ ಮೇಲೆ ಒಂದೊಂದು ಗೇಣು ಬಿಟ್ಟು ನೆಡಬಹುದು. ಟರ್ನಿಪ್ಪಿಗೆ ಆ ಆಟ ನಡೆಯೋದಿಲ್ಲ. ಬೇರು ಕದಲಿದರೆ ಗಡ್ಡೆ ಸೊಟ್ಟಗಾಗುತ್ತೆ, ಹಾಗಾಗಿ ಬೀಜ ನೇರ ಮಣ್ಣಿಗೇ. ಅದನ್ನು ದಪ್ಪ ಆಗೋಕೆ ಬಿಡದೆ, ಆರು ವಾರದೊಳಗೆ, ನಿಂಬೆಹಣ್ಣಿನ ಗಾತ್ರ ಇದ್ದಾಗಲೇ ಕಿತ್ತರೆ ಹಸಿಯಾಗಿಯೇ ತಿನ್ನಬಹುದು. ನವಿಲುಕೋಸೂ ಅಷ್ಟೇ, ಟೆನ್ನಿಸ್ ಚೆಂಡಿನಷ್ಟಾದಾಗ ಕೊಯ್ಯಬೇಕು. "ಇನ್ನೊಂದು ವಾರ ಇರಲಿ" ಅಂದರೆ ನಾರು ಗ್ಯಾರಂಟಿ.

ಪಾತಿ ನೋಡಿದ ಪಕ್ಕದ ಮನೆ ಆಂಟಿ, "ಎರಡೂ ಒಂದೇ ಅಲ್ವೇನಪ್ಪಾ? ಒಂದು ಮಣ್ಣಿನ ಮೇಲೆ, ಒಂದು ಒಳಗೆ" ಅಂದರು. ಉತ್ತರ ಹುಡುಕೋಕೆ ಹೋಗಿ ಎರಡು ವೀಕೆಂಡ್ ಕಳೆದೆ. ಅದರ ಫಲ ಈ ಪೋಸ್ಟ್.

ಒಂದೇ ಅಲ್ಲ. ನವಿಲುಕೋಸು ಗಡ್ಡೆಯೇ ಅಲ್ಲ, ಉಬ್ಬಿದ ಕಾಂಡ. ಅದಕ್ಕೇ ಅದರ ಮೈತುಂಬಾ ಎಲೆ ಹುಟ್ಟುತ್ತೆ, ಎಲೆ ಮುರಿದ ಕಡೆ ಕಲೆ ಉಳಿಯುತ್ತೆ. ಟರ್ನಿಪ್ಪಿನ ಮೈ ನುಣ್ಣಗೆ, ಎಲೆಯೆಲ್ಲ ನೆತ್ತಿಯ ಮೇಲೆ ಮಾತ್ರ. ಜಾತಿಯೂ ಬೇರೆ. ನವಿಲುಕೋಸು ಬ್ರಾಸಿಕಾ ಒಲರೇಸಿಯಾ. ಎಲೆಕೋಸು, ಹೂಕೋಸು, ಬ್ರೊಕೊಲಿ ಎಲ್ಲ ಇದೇ ಒಂದು ಜಾತಿಯ ಬೇರೆ ಬೇರೆ ವೇಷ. ಟರ್ನಿಪ್ ಬ್ರಾಸಿಕಾ ರಾಪಾ.

ಆದರೆ ಆಂಟಿಯ ಅನುಮಾನ ಬಹಳ ಹಳೇದು. 1753ರಲ್ಲಿ ಲಿನೇಯಸ್ ನವಿಲುಕೋಸಿಗೆ ಗಾಂಗಿಲೋಡಿಸ್ ಅಂತ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಗಾಂಗಿಲಿಸ್ ಅಂದರೆ ಟರ್ನಿಪ್! ಜರ್ಮನ್ನರ ಕೋಲ್‌ರಾಬಿಯೂ ಕೋಸು ಮತ್ತು ಟರ್ನಿಪ್ ಎರಡನ್ನೂ ಅಂಟಿಸಿ ಮಾಡಿದ ಪದ. ಅಂದರೆ ಹೆಸರಿಟ್ಟವರ ಕಣ್ಣಿಗೆಲ್ಲ ಮೊದಲು ಪರಿಚಯ ಇದ್ದದ್ದು ಟರ್ನಿಪ್, ಇದು ಆಮೇಲೆ ಬಂದ ಅದರ ಹಾಗಿರೋ ಇನ್ನೇನೋ.

ಟರ್ನಿಪ್ ನಿಜವಾಗಿಯೂ ಹಿರಿಯ. ರೋಮಿನ ದಂಡನಾಯಕ ಕ್ಯೂರಿಯಸ್ ಡೆಂಟೇಟಸ್‌ನ ಕತೆ ಪ್ಲುಟಾರ್ಕ್ ಹೇಳುತ್ತಾನೆ. ಕ್ರಿಸ್ತಪೂರ್ವ ಮೂರನೇ ಶತಮಾನದ ಮಾತು. ಶತ್ರುಗಳ ದೂತರು ಚಿನ್ನದ ಲಂಚ ತಂದಾಗ ಆತ ಒಲೆ ಮುಂದೆ ಕೂತು ಟರ್ನಿಪ್ ಬೇಯಿಸುತ್ತಿದ್ದನಂತೆ. ಇಷ್ಟರಲ್ಲಿ ತೃಪ್ತಿಪಡುವವನಿಗೆ ಚಿನ್ನ ಯಾಕೆ ಅಂತ ವಾಪಸ್ ಕಳಿಸಿದ. ಬಡವರ ತರಕಾರಿ ಅನ್ನೋ ಹಣೆಪಟ್ಟಿ ಆಗಲೇ ಇತ್ತು ಅಂತಾಯ್ತು. ನವಿಲುಕೋಸಿನ ಬಗ್ಗೆ ಅನುಮಾನಕ್ಕೆಡೆಯಿಲ್ಲದ ವರ್ಣನೆ ಸಿಗೋದು 1554ರಲ್ಲಿ, ಇಟಲಿಯ ವೈದ್ಯ ಮಟ್ಟಿಯೋಲಿಯ ಬರಹದಲ್ಲಿ. ನಾನು ತಂದ ಬೀಜದ ಪ್ಯಾಕೆಟ್ ಮೇಲೂ "ವೈಟ್ ವಿಯೆನ್ನಾ" ಅಂತಲೇ ಇದೆ.

ಇವೆರಡರ ನೆಂಟಸ್ತಿಕೆ ಬಿಡಿಸಿದವನ ಕತೆ ಇನ್ನೂ ಸ್ವಾರಸ್ಯ. ಹೆಸರು ವೂ ಜಾಂಗ್-ಚುನ್. 1898ರಲ್ಲಿ ಜಪಾನಿನಲ್ಲಿ ಹುಟ್ಟಿದ. ತಾಯಿ ಜಪಾನೀಯಳು. ತಂದೆ ಕೊರಿಯಾದ ಸೈನ್ಯಾಧಿಕಾರಿ, 1895ರಲ್ಲಿ ಅಲ್ಲಿನ ರಾಣಿಯ ಕೊಲೆಯಲ್ಲಿ ಭಾಗಿ ಅನ್ನೋ ಆರೋಪ ಹೊತ್ತು ಜಪಾನಿಗೆ ಓಡಿ ಬಂದವನು. 1903ರಲ್ಲಿ ಕೊರಿಯಾದವನೊಬ್ಬ ಅವನನ್ನೂ ಕೊಂದ. ಮಗ ಬೆಳೆದು ಸಸ್ಯವಿಜ್ಞಾನಿಯಾಗಿ 1935ರಲ್ಲಿ ಒಂದು ಪೇಪರ್ ಬರೆದ. ಅದರಲ್ಲಿ ಅವನ ಹೆಸರು ನಾಗಹರು ಯು. ಹಾಗಾಗಿ ಅವನ ಸಿದ್ಧಾಂತಕ್ಕೆ ಇವತ್ತಿಗೂ "ಯು ತ್ರಿಕೋನ" ಅಂತಲೇ ಹೆಸರು.

ಲೆಕ್ಕ ಇಷ್ಟೇ. ಟರ್ನಿಪ್ ಜಾತಿಗೆ 10 ಜೊತೆ ಕ್ರೋಮೋಸೋಮು, ಕೋಸಿನ ಜಾತಿಗೆ 9, ಕಪ್ಪು ಸಾಸಿವೆ ಅಂತ ಕರೆಯೋ ಬ್ರಾಸಿಕಾ ನೈಗ್ರಾಕ್ಕೆ 8. ಇವು ತ್ರಿಕೋನದ ಮೂರು ಮೂಲೆ. ಯಾವುದೇ ಎರಡು ಮೂಲೆ ಕೂಡಿದರೆ ನಡುವಿನ ಗೆರೆಯಲ್ಲಿ ಹೊಸ ಜಾತಿ. 10 ಮತ್ತು 9 ಕೂಡಿ 19, ಅದು ರುಟಬಾಗ ಮತ್ತು ರೇಪ್‌ಸೀಡ್. ಯು ಬರೀ ಎಣಿಸಿ ಸುಮ್ಮನಾಗಲಿಲ್ಲ, ಆ ಎರಡು ಜಾತಿಗಳನ್ನು ಕೂಡಿಸಿ ಆ ಗಿಡವನ್ನು ಹುಟ್ಟಿಸಿಯೇ ತೋರಿಸಿದ. 10 ಮತ್ತು 8 ಕೂಡಿ 18. ಅದು ಯಾವುದು ಗೊತ್ತೇ? ನಾವು ದಿನಾ ಒಗ್ಗರಣೆಗೆ ಹಾಕುವ ಸಾಸಿವೆ. ಟರ್ನಿಪ್ ಮುಟ್ಟದ ಮನೆಯಲ್ಲೂ ಟರ್ನಿಪ್ ಜಾತಿಯ ಅರ್ಧ ರಕ್ತ ಬಾಣಲೆಯಲ್ಲಿ ಚಟಪಟ ಅನ್ನುತ್ತಿದೆ :-) ಎರಡು ಬ್ರಾಂಚ್‌ಗಳನ್ನು ಒಂದು ಸಾಲೂ ಅಳಿಸದೆ ಮರ್ಜ್ ಮಾಡಿದ ಹಾಗೆ. ನಮ್ಮ ಆಫೀಸಿನಲ್ಲಿ ಯಾರಿಗೂ ಇದು ಸಾಧ್ಯವಾಗಿಲ್ಲ.

ಯು 1950ರಲ್ಲಿ ಹೆಂಡತಿ ಮಕ್ಕಳನ್ನು ಜಪಾನಿನಲ್ಲಿ ಬಿಟ್ಟು ತಂದೆಯ ದೇಶಕ್ಕೆ ಹೋದ. ಯುದ್ಧದಲ್ಲಿ ನಜ್ಜುಗುಜ್ಜಾದ ಕೊರಿಯಾಕ್ಕೆ ಕೋಸು, ಮೂಲಂಗಿಯ ಒಳ್ಳೆ ಬೀಜ ಮಾಡಿಕೊಟ್ಟ. 1953ರಲ್ಲಿ ತಾಯಿ ತೀರಿಕೊಂಡಾಗ ಜಪಾನಿಗೆ ಹೋಗಲು ಕೊರಿಯಾ ಸರ್ಕಾರ ಬಿಡಲಿಲ್ಲ. 1959ರಲ್ಲಿ ಅಲ್ಲೇ ತೀರಿಕೊಂಡ. ಎರಡು ಜಾತಿ ಕೂಡಿ ಹೊಸದಾಗುತ್ತೆ ಅಂತ ತೋರಿಸಿದವನಿಗೆ ಎರಡು ದೇಶಗಳ ನಡುವೆ ಒಂದು ಪ್ರಯಾಣಕ್ಕೂ ದಾರಿ ಸಿಗಲಿಲ್ಲ.

ಆ ರುಟಬಾಗದ ಬಗ್ಗೆ ಎರಡು ಮಾತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾ ದಿಗ್ಬಂಧನ ಒಂದು ಕಡೆ, 1916ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬೆಳೆ ಸುಮಾರು ಅರ್ಧಕ್ಕಿಳಿದದ್ದು ಇನ್ನೊಂದು ಕಡೆ. ಜರ್ಮನ್ನರು ಆ ಚಳಿಗಾಲ ದನದ ಮೇವಾಗಿದ್ದ ರುಟಬಾಗವನ್ನೇ ಬ್ರೆಡ್ಡು, ಜಾಮು, ಕಾಫಿಪುಡಿ ಎಲ್ಲ ಮಾಡಿ ತಿಂದರು. ಇಂಗ್ಲಿಷ್ ಪುಸ್ತಕಗಳಲ್ಲಿ ಇದು "ಟರ್ನಿಪ್ ಚಳಿಗಾಲ". ಜರ್ಮನ್ನರು ರುಟಬಾಗಕ್ಕೆ ಹೇಳೋದು ಕೋಲ್‌ರ್ಯೂಬೆ, ಹಾಗಾಗಿ ಕೆಲವರು ಕೋಲ್‌ರಾಬಿ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ, ಎರಡು ಜಾತಿಗಳಿಗೆ ಹುಟ್ಟಿದ ಮಗು ಅದು.

ಇನ್ನು ನಮ್ಮ ಕಡೆಗೆ ಬರೋಣ. ಟರ್ನಿಪ್ ಉತ್ತರ ಭಾರತದಲ್ಲಿ ಶಲ್ಗಮ್, ಪಾರ್ಸಿ ಪದ. ಅಕ್ಬರನ ಕಾಲದ ಐನ್-ಇ-ಅಕ್ಬರಿಯ ಬೆಲೆಪಟ್ಟಿಯಲ್ಲೇ ಇದೆ. ಚಳಿ ಇರೋ ಕಡೆ ನೆಲೆ ನಿಂತಿತು. ಕಾಶ್ಮೀರದಲ್ಲಿ ಬಿಲ್ಲೆ ಬಿಲ್ಲೆ ಹೆಚ್ಚಿ, ದಾರಕ್ಕೆ ಪೋಣಿಸಿ, ಒಣಗಿಸಿ ಹಿಮಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಕನ್ನಡದ ಅಡುಗೆಮನೆಯಲ್ಲಿ ಅಷ್ಟಾಗಿ ನೆಲೆಯೂರಲಿಲ್ಲ.

ನವಿಲುಕೋಸಿನ ಹೆಸರಿನಲ್ಲಿ ಸಮುದ್ರದ ವಾಸನೆ ಇದೆ. ಭಾರತದ ಇಂಗ್ಲಿಷಿನಲ್ಲಿ ಇದು ನೋಲ್-ಕೋಲ್. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ನಿಘಂಟು ಇದನ್ನು ಡಚ್ ಪದ ಇರಬೇಕು ಅನ್ನುತ್ತೆ. ಡಚ್ಚಿನಲ್ಲಿ ನೋಲ್ ಅಂದರೆ ಗಡ್ಡೆ, ಕೋಲ್ ಅಂದರೆ ಕೋಸು. ಡಚ್ಚರು 1656ರಿಂದ 1796ರವರೆಗೆ ಕೊಲಂಬೊ ಆಳಿದರು, ಸಿಂಹಳದಲ್ಲಿ ಇದು ನೋಕೋಲ್. 1658ರಲ್ಲಿ ನಾಗಪಟ್ಟಣ ಹಿಡಿದರು, ತಮಿಳಿನಲ್ಲಿ ನೂಕೋಲ್. ಮರಾಠಿಗೆ ಬಂದಾಗ ನವಲಕೋಲ್, ನವಲ ಅಂದರೆ ಸೋಜಿಗ. ಕನ್ನಡಕ್ಕೆ ಬಂದಾಗ ನವಿಲುಕೋಸು! ಎಲೆ ಗರಿಯ ಹಾಗೆ ಹರಡುತ್ತೆ, ಅದಕ್ಕೇ ನವಿಲು ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪಲ್ಲ. ಈ ನಾಲ್ಕು ಹೆಸರನ್ನು ಸಾಲಾಗಿ ಇಟ್ಟು ಜೋರಾಗಿ ಓದಿ ನೋಡಿ. ಅರ್ಥವಾಗದ ನೋಲ್ ಪದಕ್ಕೆ ಮರಾಠಿಗರು ತಮಗೆ ಗೊತ್ತಿರೋ ಸೋಜಿಗ ಸೇರಿಸಿದರು, ನಾವು ನವಿಲು ಸೇರಿಸಿದೆವು. ನನಗೆ ನಮ್ಮದೇ ಚೆಂದ ಅನ್ಸುತ್ತೆ.

ಹೆಸರು ಕನ್ನಡದ್ದಾಯ್ತು, ಆದರೆ ಎಲ್ಲ ಬಾಗಿಲೂ ತೆರೆಯಲಿಲ್ಲ. ನಮ್ಮ ಮನೆಯಲ್ಲಿ ಶ್ರಾದ್ಧದ ದಿನ ನವಿಲುಕೋಸು ನಿಷಿದ್ಧ. ಎಲೆಕೋಸು, ಬೀನ್ಸ್, ಕ್ಯಾರೆಟ್, ಟೊಮೇಟೊ, ಆಲೂಗಡ್ಡೆ ಯಾವುದೂ ಇಲ್ಲ, ಎಲ್ಲಾ "ಇಂಗ್ಲಿಷ್ ತರಕಾರಿ". ಮೆಣಸಿನಕಾಯಿಯೂ ಇಲ್ಲ, ಕಾಳುಮೆಣಸೇ ಖಾರ. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ ಇತ್ಯಾದಿ. ಚಿಕ್ಕವನಿದ್ದಾಗ ಇದೆಲ್ಲ ಬರೀ ಮಡಿ-ಮೈಲಿಗೆ ಅಂದುಕೊಂಡಿದ್ದೆ. ಈಗ ನೋಡಿದರೆ ಅದು ದೊಡ್ಡಮ್ಮಂದಿರ ಬಾಯಲ್ಲೇ ಉಳಿದ ಒಂದು ಇತಿಹಾಸದ ದಾಖಲೆ. ಯಾವುದು ಹಡಗಿನಲ್ಲಿ ಬಂತು ಅನ್ನೋದನ್ನು, ಬಂದ ವರ್ಷ ಮರೆತ ಮೇಲೂ ಅಡುಗೆಮನೆ ಮರೆತಿಲ್ಲ. ಪಟ್ಟಿ ಸಸ್ಯಶಾಸ್ತ್ರದ ಪ್ರಕಾರ ಪೂರ್ತಿ ಸರಿಯಲ್ಲ, ಸರಿಯಿರಬೇಕು ಅಂತ ಅದನ್ನು ಯಾರೂ ಮಾಡಿಯೂ ಇಲ್ಲ. ಇದೇ ತರಕಾರಿ ಕಾಶ್ಮೀರದಲ್ಲಿ ಮೊಂಜಿ, ಅಲ್ಲಿನ ಪಂಡಿತರಿಗೂ ಮುಸ್ಲಿಮರಿಗೂ ಎಲೆ ಸಮೇತ ದಿನನಿತ್ಯದ ಊಟ. ಅದು ಪರದೇಶದ್ದು ಅಂತ ಅಲ್ಲಿ ಹೇಳಿದರೆ ನಕ್ಕಾರು.

ತಾತನಿಗೆ ನವಿಲುಕೋಸಿನ ಹುಳಿ ಅಂದರೆ ಪ್ರಾಣ. ಬೆಳಗ್ಗೆ ಮಾಡಿದ್ದನ್ನು ರಾತ್ರಿಗೂ ಕೇಳಿ ಹಾಕಿಸಿಕೊಳ್ಳೋರು. ಅವರ ಶ್ರಾದ್ಧದ ದಿನ ಅದಕ್ಕೆ ಜಾಗವಿಲ್ಲ. ಪಟ್ಟಿ ಬದಲಾಯಿಸಿ ಅಂತ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಮಾರನೇ ದಿನ ಅಮ್ಮ ಯಾರಿಗೂ ಏನೂ ಹೇಳದೆ ನವಿಲುಕೋಸಿನ ಹುಳಿ ಮಾಡ್ತಾರೆ. ಪ್ರತಿ ವರ್ಷ.

ನಿಮ್ಮ ಮನೆಯ ಪಟ್ಟಿಯಲ್ಲಿ ಏನೇನಿಲ್ಲ? ಮಲೆನಾಡು, ಕರಾವಳಿ, ಧಾರವಾಡ ಕಡೆಯವರು ಬರೆಯಿರಿ. ಸೀಮೆಬದನೆ ಬಗ್ಗೆ ನಮ್ಮಲ್ಲೇ ಇಬ್ಬರು ಚಿಕ್ಕಮ್ಮಂದಿರ ನಡುವೆ ಜಗಳ ಇನ್ನೂ ಮುಗಿದಿಲ್ಲ.