ದವಾ, ದುವಾ ಮತ್ತು ಬಾಗಿಲಲ್ಲಿ ನಿಂತವರು

ಮನಸ್ಸಿನ ಕಾಯಿಲೆಗೆ ಬಿದ್ದವನನ್ನು ನಮ್ಮ ನಾಡಿನಲ್ಲಿ ಮೊದಲು ಡಾಕ್ಟರ ಬಳಿಗೆ ಕರೆದೊಯ್ಯುವುದು ಕಡಿಮೆ. ದರ್ಗಾಕ್ಕೆ, ದೇವಸ್ಥಾನಕ್ಕೆ, ಊರ ಮಂತ್ರವಾದಿಯ ಮನೆಗೆ ಕರೆದೊಯ್ಯುತ್ತಾರೆ. ಜಿನ್ ಹಿಡಿದಿದೆ, ಮಾಟ ಮಾಡಿಸಿದ್ದಾರೆ, ಗಾಳಿ ಸೋಕಿದೆ ಎಂದು ಅವರವರ ನಂಬಿಕೆಯಂತೆ ಹೆಸರಿಡುತ್ತಾರೆ. ಇದನ್ನು ಮೌಢ್ಯವೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಆ ಬಾಗಿಲಲ್ಲಿ ನಿಂತು ರೋಗಿಯನ್ನು ಬರಮಾಡಿಕೊಳ್ಳುವವರಿಗೆ ನಾವು ಏನನ್ನು ಕಲಿಸಿದ್ದೇವೆ? ಕಲಿಸಿದ ಕಡೆ ಏನಾಯಿತು, ಕಲಿಸದ ಕಡೆ ಏನಾಯಿತು ಎಂಬುದಕ್ಕೆ ಕಳೆದ ಐವತ್ತು ವರ್ಷಗಳ ಚರಿತ್ರೆಯಲ್ಲೇ ಸಾಕ್ಷಿಗಳಿವೆ.

ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಕರ್ನಾಟಕದ್ದು. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್, ಮರುವರ್ಷವೇ ಸಮುದಾಯ ಮನೋವೈದ್ಯ ಘಟಕವನ್ನು ಆರಂಭಿಸಿತು. ಬನ್ನೇರುಘಟ್ಟದ ಬಳಿಯ ಸಕಲವಾರ ಅದರ ಪ್ರಯೋಗಭೂಮಿಯಾಯಿತು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲವದು. ಹಳ್ಳಿಹಳ್ಳಿಗೆ ತಜ್ಞರನ್ನು ಕಳಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಲಾಯಿತು. ಕಾಯಿಲೆಯ ಚಿಹ್ನೆ ಗುರುತಿಸುವುದು, ಆರೋಗ್ಯ ಕೇಂದ್ರಕ್ಕೆ ಕರೆತರುವುದು, ಮಾತ್ರೆ ನಡುವೆ ನಿಲ್ಲದಂತೆ ವಿಚಾರಿಸುವುದು ಅವರ ಕೆಲಸ. 1985ರಲ್ಲಿ ಇದೇ ಮಾದರಿ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿತು. ಬಳ್ಳಾರಿಯ ಅನುಭವವನ್ನೇ ಆಧರಿಸಿ 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು.

ವೈದ್ಯಕೀಯದ ಹೊರಗಿನವರಿಗೂ ಇಂಥ ಪಾಠ ಬೇಕೆಂಬ ಯೋಚನೆ 2000ದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಒಂದು ರೂಪ ಪಡೆಯಿತು. ಸ್ವತಃ ಖಿನ್ನತೆಯಿಂದ ನೊಂದಿದ್ದ ಬೆಟ್ಟಿ ಕಿಚನರ್ ಮತ್ತು ಅವರ ಪತಿ, ಸಂಶೋಧಕ ಆಂಟನಿ ಜಾರ್ಮ್ ಅದಕ್ಕೆ 'ಮಾನಸಿಕ ಆರೋಗ್ಯದ ಪ್ರಥಮ ಚಿಕಿತ್ಸೆ' ಎಂದು ಹೆಸರಿಟ್ಟರು. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಎಲ್ಲರಿಗೂ ಕಲಿಸಬಹುದಾದರೆ ಇದನ್ನೇಕೆ ಕಲಿಸಬಾರದು ಎಂಬುದು ಅವರ ವಾದ. ನೊಂದವನ ಹತ್ತಿರ ಹೋಗಿ ಜೀವಕ್ಕೆ ಅಪಾಯವಿದೆಯೇ ನೋಡುವುದು, ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಧೈರ್ಯ ಹೇಳುವುದು, ತಜ್ಞರ ಬಳಿ ಹೋಗಲು ಒಪ್ಪಿಸುವುದು, ಮನೆಯವರ ಮತ್ತು ಗೆಳೆಯರ ಆಸರೆ ಒದಗಿಸುವುದು ಅದರ ಸಾರ. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದಿಲ್ಲ ಎಂಬುದನ್ನೂ ಅಲ್ಲಿ ಕಲಿಸುತ್ತಾರೆ. ಇಂದು ಈ ತರಬೇತಿ ಹತ್ತಾರು ದೇಶಗಳಲ್ಲಿದೆ. ನಿರಾಶ್ರಿತರು, ವೃದ್ಧರು, ವಿದ್ಯಾರ್ಥಿಗಳ ಸೇವೆಯಲ್ಲಿರುವ ಸಿಬ್ಬಂದಿ ಇದನ್ನು ಕಲಿಯುತ್ತಾರೆ.

ಮರುವರ್ಷ ನಮ್ಮ ನೆರೆಯಲ್ಲೇ ಏರ್ವಾಡಿ ದುರಂತ ನಡೆಯಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾದ ಸುತ್ತ ಖಾಸಗಿ ಆಶ್ರಯಮನೆಗಳು ಹುಟ್ಟಿಕೊಂಡಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥದೊಂದು ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು, ಸರಕಾರ ಅಲ್ಲಿನ ಆಶ್ರಯಮನೆಗಳನ್ನು ಮುಚ್ಚಿಸಿತು. ಆದರೆ ಮನೆ ಮುಚ್ಚಿದ ಮಾತ್ರಕ್ಕೆ ದರ್ಗಾಕ್ಕೆ ಬರುವ ನೊಂದ ಕುಟುಂಬಗಳು ಬರುವುದನ್ನು ನಿಲ್ಲಿಸುವುದಿಲ್ಲವಲ್ಲ!

ಇದಕ್ಕೊಂದು ಉತ್ತರವನ್ನು ಗುಜರಾತಿನಲ್ಲಿ ಹುಡುಕಿದರು. ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಹಿಂದೂಗಳು, ಮುಸ್ಲಿಮರು ಇಬ್ಬರೂ ಅಲ್ಲಿಗೆ ಮನೋರೋಗಿಗಳನ್ನು ಕರೆತರುತ್ತಾರೆ. 2008ರಲ್ಲಿ ಅಲ್ಲಿ 'ದವಾ-ದುವಾ' ಎಂಬ ಯೋಜನೆ ಆರಂಭವಾಯಿತು. ಮುಜಾವರರಿಗೆ ಕಾಯಿಲೆಯ ಲಕ್ಷಣಗಳನ್ನು ಗುರುತಿಸುವ ತರಬೇತಿ ಕೊಟ್ಟರು. ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂರುವ ವ್ಯವಸ್ಥೆಯಾಯಿತು. ದುವಾ ಮಾಡಿಸಲು ಬಂದವರಿಗೆ ಮುಜಾವರರೇ, ದುವಾ ಆಯಿತು, ಇನ್ನು ದವಾ ತೆಗೆದುಕೊಳ್ಳಿ ಎಂದು ಹೇಳಿ ಕಳಿಸತೊಡಗಿದರು. ಡಾಕ್ಟರು ಹೇಳಿದರೆ ಕೇಳದ ಕುಟುಂಬ ಮುಜಾವರರ ಮಾತನ್ನು ಕೇಳುತ್ತದೆ. ಕಾಯಿಲೆಗೆ ಮದ್ದು ಮಾಡಿಸಿಕೊಳ್ಳಿ ಎಂದು ಪ್ರವಾದಿಯವರೇ (ಸ) ಹೇಳಿರುವಾಗ ಇದರಲ್ಲಿ ನಂಬಿಕೆಗೆ ಕುಂದಾಗುವಂಥದ್ದೇನಿದೆ?

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. 2022ರಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಮೂಲಕ ಉಚಿತ ಸಲಹೆ ಸಿಗುತ್ತದೆ. ಆದರೆ ಕಾನೂನು ಓದಿದ ಕೈ ಬೇರೆ, ರೋಗಿಯನ್ನು ಹಿಡಿಯುವ ಕೈ ಬೇರೆ. ಸರಪಳಿ ಹಾಕಿದವರೆಲ್ಲ ಕ್ರೂರಿಗಳೆಂದು ನಾವು ಭಾವಿಸಬೇಕಾಗಿಲ್ಲ. ಅವರಲ್ಲಿ ಹಲವರಿಗೆ ಬೇರೇನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮದ್ರಸಾದ ಉಸ್ತಾದರು, ಅನಾಥಾಲಯದ ಸಿಬ್ಬಂದಿ, ಹಾಸ್ಟೆಲಿನ ವಾರ್ಡನ್, ಆಶಾ ಕಾರ್ಯಕರ್ತೆ, ನಮ್ಮ ಜಮಾಅತಿನ ಹಿರಿಯರು ನಿತ್ಯ ನೊಂದವರ ಮಾತು ಕೇಳುವವರು. ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ, ರಕ್ತದಾನ ಶಿಬಿರ ನಡೆಸುವ ನಮ್ಮ ಸಂಘ-ಸಂಸ್ಥೆಗಳು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕರೆಸಿ ಇವರಿಗಾಗಿ ಎರಡು ದಿನದ ತರಬೇತಿ ಏರ್ಪಡಿಸಲಿ. ಬಳ್ಳಾರಿಯಲ್ಲಿ ಆರೋಗ್ಯ ಕಾರ್ಯಕರ್ತರು, ಉನಾವಾದಲ್ಲಿ ಮುಜಾವರರು ಕಲಿತದ್ದನ್ನು ಇವರೂ ಕಲಿಯಬಲ್ಲರು.